ಎಕ್ಸ್ತ್ರೆಮದೂರದ ಗ್ರಾಮಸೀಮೆ

ಸ್ಪೇನ್ ದೇಶದ ನೈಋತ್ಯದಲ್ಲಿ, ಪೋರ್ಚುಗಲ್ಲಿನ ಗಡಿಯುದ್ದಕ್ಕೂ ಹಬ್ಬಿರುವ ಸ್ವಾಯತ್ತ ಪ್ರಾಂತವೇ ಎಕ್ಸ್ತ್ರೆಮದೂರ. ಆ ದೇಶದ ಜಿಲ್ಲೆಗಳಲ್ಲೆಲ್ಲ ವಿಸ್ತೀರ್ಣದಲ್ಲಿ ಮೊದಲನೆಯದೂ ಎರಡನೆಯದೂ ಆದ ಬದಾಹೋಸ್ ಮತ್ತು ಕಾಸೆರೆಸ್‌ಗಳು ಕೂಡಿ ಇದು ಏರ್ಪಟ್ಟಿದೆ. ಸ್ವಾಯತ್ತಾಧಿಕಾರದ ಶಾಸನ ಜಾರಿಗೆ ಬಂದುದು 1983ರಲ್ಲಿ. ರಾಜಧಾನಿ, ರೋಮನರು ಕ್ರಿ.ಪೂ. 25ರಲ್ಲಿ ನೆಲೆಗೊಳಿಸಿದ ಮೆರಿದ ಪಟ್ಟಣ. ಸುಮಾರು 41,600 ಚದರ ಕಿಲೋಮೀಟರುಗಳ, ಎಂದರೆ ಸ್ವಿಟ್ಜರ್ಲೆಂಡಿಗಿಂತ ತುಸು ದೊಡ್ಡದಾದ, ಈ ನೆಲದಲ್ಲಿ ಇಂದು ವಾಸಿಸುವವರು ಹತ್ತೂವರೆ ಲಕ್ಷದಷ್ಟು ಜನ ಮಾತ್ರ. ಅತಿ ದೊಡ್ಡ ನಗರವಾದ ಬದಾಹೋಸಿನಲ್ಲಿಯೂ ಒಂದೂವರೆ ಲಕ್ಷದಷ್ಟೇ ಜನವಸತಿಯಿರುವುದರಿಂದ, ಈ ಪ್ರಾಂತವನ್ನು ಅರಿಯಬೇಕೆಂಬವರು ಅದರ ಹಳ್ಳಿಗಳನ್ನೂ ಹಳ್ಳಿಗಳ ಸುತ್ತಣ ಭೂಮಿಯನ್ನೂ ಅರಿಯಬೇಕಾಗುತ್ತದೆ. ಆ ಭೂಮಿ ಯಾರ ಕೈಯಲ್ಲಿತ್ತು, ಯಾರು ಅದನ್ನು ಉತ್ತರು, ಯಾರ ಹಿಂಡುಗಳು ಅದರಲ್ಲಿ ಮೇದವು ಎಂಬುದನ್ನು ತಿಳಿಯದವರಿಗೆ ಇಲ್ಲಿನ ನೋಟದ ಸೊಬಗಾಗಲಿ ಬಾಳಿನ ಬಡತನವಾಗಲಿ ಸರಿಯಾಗಿ ಅರ್ಥವಾಗಲಾರದು.

ಪ್ರಾಂತದ ಮೈಕಟ್ಟನ್ನು ನಿರ್ಣಯಿಸಿರುವುವು ಪೂರ್ವದಿಂದ ಪಶ್ಚಿಮಕ್ಕೆ ಹರಿದು ಪೋರ್ಚುಗಲ್ಲನ್ನು ಮುಟ್ಟುವ ಎರಡು ಮಹಾನದಿಗಳು: ಕಾಸೆರೆಸ್ ಜಿಲ್ಲೆಯನ್ನು ಆಳವಾದ ಕಮರಿಗಳಲ್ಲಿ ಸೀಳಿಕೊಂಡು ಸಾಗುವ ತಾಹೊ, ಬದಾಹೋಸಿನ ಬಯಲಿನಲ್ಲಿ ಅಗಲವಾಗಿ ಮಂದಗತಿಯಿಂದ ಹರಿಯುವ ಗ್ವಾದಿಯಾನ. ಉತ್ತರದ ಅಂಚಿನಲ್ಲಿ ಗ್ರೇದೊಸ್, ಬೆಹಾರ್, ಗಾತ ಪರ್ವತಗಳು ನಿಂತು ಶೀತಗಾಳಿಯನ್ನು ತಡೆಯುತ್ತವೆ. ನಡುಭಾಗದಲ್ಲಿ ವಿಯುವೆರ್ಕಸ್ ಎಂಬ, ಒಂದರ ಪಕ್ಕದಲ್ಲೊಂದು ಸಮಾಂತರವಾಗಿ ಸಾಗುವ ಬೆಣಚುಶಿಲೆಯ ಏಣುಗಳ ಬೆಟ್ಟಸಾಲು. ದಕ್ಷಿಣದಲ್ಲಿ ಸಿಯೆರ್ರ ಮೊರೇನದ ತಗ್ಗುಬೆಟ್ಟಗಳು. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಮಳೆ ಬೀಳುವುದು ಶರತ್ಕಾಲದಿಂದ ವಸಂತದವರೆಗೆ ಮಾತ್ರ. ಪದರಗಲ್ಲಿನ ಮೇಲೂ ಗ್ರಾನೈಟಿನ ಮೇಲೂ ಹರಡಿರುವ ಮಣ್ಣು ಬಹುತೇಕ ಕಡೆ ತೆಳುವಾದದ್ದು. ಇಂತಹ ನೆಲದಲ್ಲಿ ವರ್ಷವರ್ಷವೂ ಉತ್ತು ಬಿತ್ತುವ ವ್ಯವಸಾಯ ನಿಲ್ಲಲಾರದೆಂಬುದನ್ನು ಅನುಭವದಿಂದ ಕಂಡುಕೊಂಡ ಪೂರ್ವಿಕರು ಮರ, ಹುಲ್ಲು, ಪಶು ಈ ಮೂರನ್ನೂ ಒಂದಾಗಿ ಬೆಸೆದು ರೂಪಿಸಿದ ಭೂಬಳಕೆಯ ಕ್ರಮವೇ ದೆಹೆಸ.

ದೂರದಿಂದ ನೋಡುವವರ ಕಣ್ಣಿಗೆ ಸಹಜವನದಂತೆ ತೋರುವ ದೆಹೆಸ ವಾಸ್ತವವಾಗಿ ಮನುಷ್ಯನ ಕೈಯಿಂದ ಆದುದು, ಮನುಷ್ಯನ ಕೈ ತೆಗೆದೊಡನೆ ಕೆಡತಕ್ಕದ್ದು. ಮೂಲದಲ್ಲಿದ್ದ ದಟ್ಟವಾದ ಓಕ್ ಕಾಡಿನಲ್ಲಿ ಪೊದೆಗಳನ್ನು ಕಡಿದು, ಮರಗಳನ್ನು ಅಂತರವಿಟ್ಟು ಉಳಿಸಿ, ಉಳಿದವುಗಳ ಕೊಂಬೆಗಳು ಕೊಡೆಯಂತೆ ಹರಡುವಂತೆ ಕಾಲಕಾಲಕ್ಕೆ ಸವರಿ, ಕೆಳಗಿನ ನೆಲದಲ್ಲಿ ಹುಲ್ಲು ಬೆಳೆಯಗೊಟ್ಟು, ಕೆಲವು ವರ್ಷಗಳಿಗೊಮ್ಮೆ ಪೊದೆಗಳು ಮತ್ತೆ ತಲೆಯೆತ್ತದಿರಲೆಂದು ಉತ್ತು ಜವೆಯನ್ನೋ ಓಟ್ಸನ್ನೋ ಬಿತ್ತಿ, ತರುವಾಯ ಕುರಿ ದನ ಹಂದಿಗಳಿಗೆ ಬಿಡುವುದು ಇಲ್ಲಿನ ಪದ್ಧತಿ. ಪ್ರಾಂತದ ಹತ್ತು ಲಕ್ಷ ಹೆಕ್ಟೇರಿಗಿಂತ ಹೆಚ್ಚು ಭೂಮಿ ಈ ಬಗೆಯದು. ಎನ್ಸಿನ ಎಂದು ಅಲ್ಲಿನವರು ಕರೆಯುವ ನಿತ್ಯಹಸಿರು ಓಕ್ ಮರವೇ ಇದರಲ್ಲಿ ಪ್ರಧಾನ. ತೇವ ಹೆಚ್ಚಿರುವ ಪಶ್ಚಿಮದ ಕಡೆಗೆ ಬೆಂಡು ಕೊಡುವ ಓಕ್ ಮರಗಳೂ ಸೇರಿಕೊಳ್ಳುತ್ತವೆ. ಬೆಂಡನ್ನು ಕೀಳುವುದು ಒಂಬತ್ತು ವರ್ಷಗಳಿಗೊಮ್ಮೆ, ಬೇಸಗೆಯಲ್ಲಿ ಮರದೊಳಗೆ ರಸ ಹರಿಯುತ್ತಿರುವ ತಿಂಗಳುಗಳಲ್ಲಿ. ಒಳಗಿನ ಜೀವಪದರಕ್ಕೆ ಕೊಡಲಿಯ ಅಲಗು ತಾಗದಂತೆ ತೊಗಟೆಯನ್ನು ಸೀಳಿ, ಕೊಡಲಿಯ ಹಿಡಿಯನ್ನು ಒಳಗಿಟ್ಟು ಮೀಟಿ, ಇಡಿಯ ಹಲಗೆಯಾಗಿ ಬಿಡಿಸುವ ಕೌಶಲ ಪುಸ್ತಕದಿಂದ ಬರುವಂತಹುದಲ್ಲ. ಮೊದಲೆರಡು ಸಲ ಕಿತ್ತ ತೊಗಟೆ ಸೀಸೆಯ ಬಿರಡೆಗೆ ಒದಗದಾದ್ದರಿಂದ, ಮರವನ್ನು ಬೆಳೆಸಿದವನು ಅದರ ಪೂರ್ಣಫಲವನ್ನು ಕಾಣಲು ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಕಾಯಬೇಕು. ಪೋರ್ಚುಗಲ್ಲಿನ ಗಡಿಯ ಸಮೀಪದ ಸಾನ್ ವಿಸೆಂತೆ ದೆ ಅಲ್ಕಾಂತರ ಎಂಬ ಊರು ಈ ಕಸುಬಿನ ಕೇಂದ್ರ.

ಮರಗಳ ಕಾಯಿ ಉದುರುವ ಕಾಲ ಬಂದಾಗ ದೆಹೆಸದ ಮುಖ್ಯ ಜೀವಿ ಕರಿಯ ಐಬೀರಿಯನ್ ಹಂದಿ. ಶರತ್ತಿನ ಕೊನೆಯಿಂದ ಫೆಬ್ರವರಿಯವರೆಗೆ ಸಾಗುವ ಈ ಋತುವಿನಲ್ಲಿ ಹಂದಿಗಳು ಓಕ್ ಕಾಯಿಗಳನ್ನೂ ಹುಲ್ಲನ್ನೂ ಮಾತ್ರ ತಿಂದು ಕೊಬ್ಬುತ್ತವೆ. 2014ರ ಸ್ಪೇನಿನ ನಿಯಮದಂತೆ, ಕನಿಷ್ಠ 60 ದಿನಗಳ ಕಾಲ ಹೀಗೆ ಮೇದು ಸರಾಸರಿ 46 ಕಿಲೋಗ್ರಾಮಿಗೆ ಕಡಮೆಯಿಲ್ಲದಷ್ಟು ತೂಕವನ್ನು ಗಳಿಸಿದ ಹಂದಿಗಳ ಮಾಂಸಕ್ಕೆ ಮಾತ್ರ ಓಕ್ ಕಾಯಿಯ ಹೆಸರನ್ನು ಹಚ್ಚಿ ಮಾರಬಹುದು. ಮೊನೆಸ್ತೇರಿಯೊ, ಹೆರೆಸ್ ದೆ ಲೊಸ್ ಕಾಬಯೇರೊಸ್, ಮೊಂತಾಂಚೆಸ್ ಮುಂತಾದ ಎತ್ತರದ ಊರುಗಳಲ್ಲಿ ಉಪ್ಪು ಹಚ್ಚಿದ ತೊಡೆಮಾಂಸವನ್ನು ಬೆಟ್ಟಗಾಳಿಗೆ ತೂಗುಹಾಕಿ ಎರಡು ಮೂರು ವರ್ಷಗಳ ಕಾಲ ಪಕ್ವಗೊಳಿಸುತ್ತಾರೆ. ಇದು ಪೇಟೆಯ ಮಾತಾಯಿತು. ಬಡಕುಟುಂಬದ ಮಟ್ಟಿಗೆ ಹೇಳುವುದಾದರೆ, ಚಳಿಗಾಲದಲ್ಲಿ ಮನೆಮಂದಿಯೂ ನೆರೆಹೊರೆಯೂ ಸೇರಿ ನಡೆಸುತ್ತಿದ್ದ ಒಂದು ಹಂದಿಯ ವಧೆಯಿಂದಲೇ ವರ್ಷವಿಡೀ ಬೇಕಾದ ಜಿಡ್ಡೂ ಸಾರವೂ ಅಡುಗೆಗೆ ಒದಗಬೇಕಾಗಿತ್ತು.

ಈ ಭೂಮಿ ಕೆಲವೇ ಕೈಗಳಲ್ಲಿ ಕೂಡಿಕೊಂಡ ಬಗೆಯನ್ನು ಇನ್ನು ನೋಡಬೇಕು. ಕಾಸೆರೆಸ್ 1229ರಲ್ಲಿಯೂ ಮೆರಿದ ಮತ್ತು ಬದಾಹೋಸ್ 1230ರಲ್ಲಿಯೂ ಮುಸಲ್ಮಾನ ಅರಸರಿಂದ ಲೆಯೋನಿನ ದೊರೆಯ ವಶವಾದಾಗ, ಜನವಿರಳವಾಗಿದ್ದ ಈ ಗಡಿನಾಡನ್ನು ಕಾಯುವ ಹೊಣೆಯೊಡನೆ ವಿಸ್ತಾರವಾದ ಭೂಭಾಗಗಳು ಅಲ್ಕಾಂತರ, ಸಂತಿಯಾಗೊ ಮೊದಲಾದ ಸೈನಿಕ ಧರ್ಮಸಂಘಗಳಿಗೂ ಶ್ರೀಮಂತ ಮನೆತನಗಳಿಗೂ ಸಂದುವು. 1273ರಲ್ಲಿ ಹತ್ತನೆಯ ಅಲ್ಫೋನ್ಸೊ ಕುರಿಹಿಂಡಿನ ಒಡೆಯರ ಮೆಸ್ತ ಎಂಬ ಸಂಘಕ್ಕೆ ರಾಜಮನ್ನಣೆಯಿತ್ತನು. ಉತ್ತರದ ಲೆಯೋನ್, ಸೋರಿಯ, ಸೆಗೋವಿಯಗಳ ಪರ್ವತಗಳಲ್ಲಿ ಬೇಸಗೆ ಕಳೆದ ಮೆರಿನೊ ಕುರಿಗಳು ಚಳಿಗಾಲಕ್ಕೆ ಎಕ್ಸ್ತ್ರೆಮದೂರದ ಹುಲ್ಲಿಗೆ ಇಳಿದುಬರುತ್ತಿದ್ದುವು. ಅವುಗಳ ನಡೆಗೆಂದು ಕಾದಿರಿಸಿದ ರಾಜಮಾರ್ಗಗಳು ಸ್ಪೇನಿನ ಹಳೆಯ ಅಳತೆಯಲ್ಲಿ 90 ವಾರ, ಎಂದರೆ ಸುಮಾರು 75 ಮೀಟರು, ಅಗಲವಿರಬೇಕೆಂಬುದು ಕಟ್ಟಳೆಯಾಗಿತ್ತು. ಹಿಂಡುಗಳು ಒಮ್ಮೆ ಗೇಣಿಗೆ ಹಿಡಿದ ಹುಲ್ಲುಗಾವಲಿನಿಂದ ಅವುಗಳನ್ನು ಬಿಡಿಸಬಾರದೆಂಬ 1501ರ ರಾಜಾಜ್ಞೆಯಂತೂ ನೇಗಿಲಿನ ವಿರುದ್ಧ ಕುರಿಯ ಪಕ್ಷವನ್ನು ಬಲವಾಗಿ ಹಿಡಿಯಿತು. ಉಣ್ಣೆಯ ಸುಂಕದಿಂದ ಬೊಕ್ಕಸ ತುಂಬುತ್ತಿರಲಾಗಿ, ತನ್ನ ಊರಿನ ಮುಂದಣ ನೆಲವನ್ನು ಉಳಲಾರದ ಬೇಸಾಯಗಾರನ ಮೊರೆ ಆಸ್ಥಾನವನ್ನು ತಲಪುವುದು ದುಸ್ಸಾಧ್ಯವಾಯಿತು. ಮೆಸ್ತ 1836ರಲ್ಲಿ ರದ್ದಾಯಿತು. ಅದರ ಮಾರ್ಗಗಳನ್ನಾದರೋ 1995ರ ಶಾಸನ ಸಾರ್ವಜನಿಕ ಸ್ವತ್ತೆಂದು ಕಾಪಾಡಿದೆ. ಇಂದು ಕಾಲ್ನಡಗೆಯಲ್ಲಿ ಈ ಸೀಮೆಯನ್ನು ಸುತ್ತಬಯಸುವವರಿಗೆ ಇವುಗಳಿಗಿಂತ ಉತ್ತಮವಾದ ದಾರಿಗಳಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಚಿನ ಆಸ್ತಿಯನ್ನೂ, 1855ರ ಶಾಸನದ ತರುವಾಯ ಊರೊಟ್ಟಿನ ಗೋಮಾಳಗಳನ್ನೂ ಸರ್ಕಾರ ಹರಾಜಿಗಿಟ್ಟಾಗ, ಹಣವುಳ್ಳವರು ಅವನ್ನೂ ಕೊಂಡುಕೊಂಡರು. ಸೌದೆಗೆ, ಮೇವಿಗೆ, ಓಕ್ ಕಾಯಿಗೆ ಗೋಮಾಳವನ್ನೇ ನಂಬಿದ್ದ ನಿರ್ಗತಿಕರು ದಿನಗೂಲಿಗಳಾದರು. ಒಂದು ಜೊತೆ ಹೇಸರಗತ್ತೆಗಳನ್ನುಳಿದು ಮತ್ತೇನೂ ಇಲ್ಲದ ರೈತರು ವರ್ಷದ ಕರಾರಿನಲ್ಲಿ ಧಣಿಯ ಹೊಲವನ್ನು ಉಳುವ ಗೇಣಿದಾರರಾದರು. 1936ರ ಮಾರ್ಚ್ 25ರಂದು ಬದಾಹೋಸ್ ಜಿಲ್ಲೆಯಲ್ಲಿ ಅರುವತ್ತು ಸಾವಿರದಷ್ಟು ರೈತರು ಏಕಕಾಲದಲ್ಲಿ ದೊಡ್ಡ ಹಿಡುವಳಿಗಳನ್ನು ಹೊಕ್ಕು ಉಳತೊಡಗಿದುದು ಸ್ಪೇನಿನ ಗ್ರಾಮಜೀವನದ ಇತಿಹಾಸದಲ್ಲಿಯೇ ದೊಡ್ಡ ಘಟನೆ. ಅಂತರ್ಯುದ್ಧ ಹೊತ್ತಿಕೊಂಡು, ಆ ವರ್ಷದ ಆಗಸ್ಟ್ 14ರಂದು ಬದಾಹೋಸ್ ಬಂಡೆದ್ದ ಸೇನಾನಿ ಫ್ರಾಂಕೊ ಪಕ್ಷದ ಸೈನ್ಯದ ವಶವಾಯಿತು. ನಗರದಲ್ಲಿಯೂ ಹಳ್ಳಿಗಳಲ್ಲಿಯೂ ನಡೆದ ಕಗ್ಗೊಲೆಗಳಲ್ಲಿ ಆ ರೈತರಲ್ಲಿ ಅನೇಕರು ಹತರಾದರು. ಧಣಿಯ ದೆಹೆಸದಲ್ಲಿ ಆಳುಮಗನಾಗಿ ಬದುಕುವವನ ಮನಸ್ಸು ಹೇಗೆ ಬಾಗಿಹೋಗುತ್ತದೆಂಬುದನ್ನು ಮಿಗೆಲ್ ದೆಲಿಬೆಸ್ 1981ರಲ್ಲಿ ಪ್ರಕಟಿಸಿದ ‘ಲೊಸ್ ಸಾಂತೊಸ್ ಇನೊಸೆಂತೆಸ್’ ಕಾದಂಬರಿಯೂ, ಅದನ್ನು ಆಧರಿಸಿ ಮಾರಿಯೊ ಕಾಮುಸ್ 1984ರಲ್ಲಿ ತೆಗೆದ ಚಲನಚಿತ್ರವೂ ತೋರಿಸಿಕೊಟ್ಟಷ್ಟು ಸ್ಫುಟವಾಗಿ ಚರಿತ್ರಗ್ರಂಥಗಳು ತೋರಿಸಿಲ್ಲವೆಂದರೆ ಅತಿಶಯವಾಗದು.

ಊರುಗಳ ಆಕಾರವೂ ಇದೇ ಚರಿತ್ರೆಯನ್ನು ನುಡಿಯುತ್ತದೆ. ದಕ್ಷಿಣದ ಬಯಲಿನಲ್ಲಿ ಊರುಗಳು ದೊಡ್ಡವು, ಒಂದರಿಂದೊಂದು ಬಹುದೂರದವು. ಸುಣ್ಣ ಬಳಿದ ತಗ್ಗುಮನೆಗಳು ಓಣಿಯುದ್ದಕ್ಕೂ ಒತ್ತಾಗಿ ನಿಂತು, ನಡುವೆ ಚೌಕ, ಚೌಕದ ಬದಿಯಲ್ಲಿ ಚರ್ಚು, ಚರ್ಚಿನ ಗೋಪುರದ ಮೇಲೆ ಬಿಳಿ ಕೊಕ್ಕರೆಯ ಗೂಡು. ಹೊಲಗಳ ನಡುವೆ ವಾಸದ ಮನೆಗಳು ಕಾಣಸಿಗುವುದು ವಿರಳ. ಏಕೆಂದರೆ ಹೊಲ ತನ್ನದಲ್ಲದ ಕೂಲಿಕಾರ ಅಲ್ಲಿ ಮನೆ ಕಟ್ಟುವಂತಿರಲಿಲ್ಲ, ಬೆಳಗ್ಗೆ ಊರ ಚೌಕದಲ್ಲಿ ನಿಂತು ಕೂಲಿಗೆ ಕರೆಯುವವರಿಗಾಗಿ ಕಾಯಬೇಕಾಗಿತ್ತು. ತ್ರುಹಿಯೊ ಪಟ್ಟಣದ ಅರಮನೆಗಳನ್ನು ಕಂಡು ಬೆರಗಾಗುವವರು ಈ ಮಾತನ್ನು ನೆನೆಯಬೇಕು. ಪೆರುವನ್ನು ಗೆದ್ದ ಫ್ರಾನ್ಸಿಸ್ಕೊ ಪಿಸಾರೊ ಹುಟ್ಟಿದುದು ಅಲ್ಲಿ; ಮೆಕ್ಸಿಕೊವನ್ನು ಗೆದ್ದ ಎರ್ನಾನ್ ಕೊರ್ತೆಸ್ ಮೆದೆಯಿನ್‌ನಲ್ಲಿ ಹುಟ್ಟಿದವನು; ಶಾಂತಸಾಗರವನ್ನು ಕಂಡ ಬಾಲ್ಬೋವ ಹೆರೆಸ್ ದೆ ಲೊಸ್ ಕಾಬಯೇರೊಸ್‌ನವನು. ಪಿತ್ರಾರ್ಜಿತದಲ್ಲಿ ಪಾಲು ದೊರೆಯದ ಕಿರಿಯ ಮಕ್ಕಳೂ ಬಡ ಸರದಾರರೂ ಸಾಗರದಾಚೆ ನಡೆಸಿದ ಕ್ರೂರವಾದ ದಿಗ್ವಿಜಯದ ಸಂಪತ್ತು ತವರಿಗೆ ಬಂದಾಗ ಅರಮನೆಗಳ ಮೂಲೆಗಳಲ್ಲಿ ಕಲ್ಲಿನ ಲಾಂಛನಗಳಾಗಿ ನಿಂತಿತೇ ಹೊರತು, ಹೊಲಗಳಿಗೆ ನೀರಾಗಿ ಹರಿಯಲಿಲ್ಲ.

ಉತ್ತರದ ಪರ್ವತಗಳ ಬುಡದಲ್ಲಿ ನೋಟ ಒಮ್ಮೆಲೇ ಬದಲಾಗುತ್ತದೆ. ಗ್ರೇದೊಸ್ ಪರ್ವತದ ದಕ್ಷಿಣದ ಇಳಿಜಾರಿನಲ್ಲಿರುವ ಲಾ ವೆರ ಸೀಮೆಯಲ್ಲಿ ಹಿಮ ಕರಗಿದ ತೊರೆಗಳು ಬಂಡೆಗಳ ನಡುವೆ ಮಡುಗಟ್ಟಿ ಇಳಿಯುತ್ತವೆ. ಊರುಗಳು ಹತ್ತಿರ ಹತ್ತಿರ, ಹಿಡುವಳಿಗಳು ಚಿಕ್ಕವು, ಮನೆಗಳು ಕಲ್ಲಿನ ನೆಲಗಟ್ಟಿನ ಮೇಲೆ ಮರದ ಚೌಕಟ್ಟೂ ಮಣ್ಣಿನ ಗೋಡೆಯೂ ಮುಂದೆ ಚಾಚಿದ ಮರದ ಮೊಗಸಾಲೆಯೂ ಉಳ್ಳವು. ಗರ್ಗಾಂತ ಲಾ ಓಯ, ಕ್ವಾಕೊಸ್ ದೆ ಯುಸ್ತೆ, ವಿಯನ್ವೆವ ದೆ ಲಾ ವೆರಗಳ ಓಣಿಗಳಲ್ಲಿ ನಡೆಯುವುದು ಕಣ್ಣಿಗೆ ಹಬ್ಬ. ಯೂರೋಪಿನ ಅರ್ಧವನ್ನಾಳಿದ ಐದನೆಯ ಚಾರ್ಲ್ಸ್ ಚಕ್ರವರ್ತಿ ಸಿಂಹಾಸನವನ್ನು ತೊರೆದು, 1557ರ ಫೆಬ್ರವರಿಯಲ್ಲಿ ಯುಸ್ತೆಯ ಹೆರೊನಿಮೊ ಪಂಥದ ಮಠವನ್ನು ಸೇರಿ, ಮರುವರ್ಷದ ಸೆಪ್ಟೆಂಬರ್ 21ರಂದು ಅಲ್ಲಿಯೇ ಪ್ರಾಣಬಿಟ್ಟನು.

ಅಮೆರಿಕದಿಂದ ಬಂದ ಮೆಣಸಿನಗಿಡವನ್ನು ಲಾ ವೆರದಲ್ಲಿ ಬೆಳೆಸತೊಡಗಿದವರು ಆ ಮಠದ ಸನ್ಯಾಸಿಗಳೆಂಬುದು ಊರವರ ನಂಬಿಕೆ. ಕೊಯ್ಲಿನ ಕಾಲವಾದ ಶರತ್ತಿನಲ್ಲಿ ಮಳೆ ಹಿಡಿಯುವ ಆ ಸೀಮೆಯಲ್ಲಿ ಕಾಯಿಯನ್ನು ಬಿಸಿಲಿಗೆ ಹರಡುವಂತಿಲ್ಲ. ಆದಕಾರಣ ಎರಡಂತಸ್ತಿನ ಒಣಮನೆಗಳಲ್ಲಿ, ಕೆಳಗೆ ಓಕ್ ಸೌದೆಯ ಮಂದ ಬೆಂಕಿಯಿಟ್ಟು, ಮೇಲೆ ಸಂದುಬಿಟ್ಟ ಹಲಗೆಗಳ ಅಟ್ಟದ ಮೇಲೆ ಕಾಯಿಗಳನ್ನು ಸುರಿದು, ದಿನದಿನವೂ ಕೈಯಿಂದ ಮಗುಚುತ್ತ ಎರಡು ವಾರಗಳಷ್ಟು ಕಾಲ ಹೊಗೆಯಲ್ಲಿ ಒಣಗಿಸುತ್ತಾರೆ. ಅನಂತರ ಬೀಸಿದ ಪುಡಿಯ ಕೆಂಪೂ ಹೊಗೆಯ ಕಂಪೂ ಸ್ಪೇನಿನ ಅಡುಗೆಗೆ ಬಿಡಲಾರದ ಅಂಗವಾಗಿವೆ. ಅದೇ ಅಮೆರಿಕದ ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದು ಕನ್ನಡನಾಡಿಗೂ ಹಬ್ಬಿತು. ಬಯಲುಸೀಮೆಯ ಬಿಸಿಲು ಬ್ಯಾಡಗಿಯ ಕಾಯಿಗೆ ಮಾಡುವ ಉಪಕಾರವನ್ನು ಲಾ ವೆರದಲ್ಲಿ ಹೊಗೆ ಮಾಡುತ್ತದೆಂದು ತಿಳಿದರೆ ಸಾಕು.

ಪಕ್ಕದ ಹೆರ್ತೆ ಕಣಿವೆ ಚೆರಿ ಮರಗಳ ನಾಡು. ಕಡಿದಾದ ಇಳಿಜಾರನ್ನು ಕಲ್ಲುಕಟ್ಟೆಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ ನೆಟ್ಟಿರುವ ಲಕ್ಷಾಂತರ ಮರಗಳು ಮಾರ್ಚಿನ ಕೊನೆಯಲ್ಲಿಯೋ ಏಪ್ರಿಲ್ಲಿನ ಮೊದಲಲ್ಲಿಯೋ ಕಣಿವೆಯ ತಳದಿಂದ ಮೇಲಕ್ಕೆ ಕ್ರಮವಾಗಿ ಹೂವಾಗುತ್ತವೆ. ಪ್ರವಾಸಿಗಳ ನೂಕುನುಗ್ಗಲು ಆ ಹತ್ತಾರು ದಿನಗಳಲ್ಲಿ ಮಾತ್ರ. ಚಿಕ್ಕ ಹಿಡುವಳಿದಾರರು ಸಹಕಾರ ಸಂಘಗಳನ್ನು ಕಟ್ಟಿಕೊಂಡು ತಮ್ಮ ಹಣ್ಣನ್ನು ತಾವೇ ಮಾರುವ ಕಣಿವೆಯ ನಿಜವಾದ ಬಾಳನ್ನು ಕಾಣಬೇಕಾದರೆ ಜೂನಿನ ಕೊಯ್ಲಿಗೆ ಹೋಗಬೇಕು. ಸ್ವಂತದ ಒಂದು ತುಂಡು ನೆಲ ಗ್ರಾಮಕ್ಕೆ ಎಂತಹ ಚೈತನ್ಯವನ್ನು ಕೊಡಬಲ್ಲುದೆಂಬುದಕ್ಕೆ ಈ ಪ್ರಾಂತದಲ್ಲಿ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಉತ್ತರದ ಅಂಚಿನ ಲಾಸ್ ಉರ್ದೆಸ್‌ಗೆ ಬೇರೆಯೇ ಒಂದು ದುಃಖದ ಕೀರ್ತಿ ಅಂಟಿಕೊಂಡಿತು. ಶತಮಾನಗಳ ಕಾಲ ನೆರೆಯ ಸಲಮಾಂಕ ಜಿಲ್ಲೆಯ ಲಾ ಆಲ್ಬೆರ್ಕ ಎಂಬ ಊರಿಗೆ ಅಧೀನವಾಗಿ ಕಾಣಿಕೆ ತೆರುತ್ತಿದ್ದ ಈ ಬೆಟ್ಟಗಳ ಜನ, ನದಿಯ ಅಂಚಿನಲ್ಲಿ ಕಲ್ಲುಗೋಡೆ ಕಟ್ಟಿ, ಬೆನ್ನಮೇಲೆ ಮಣ್ಣು ಹೊತ್ತು ತಂದು ತುಂಬಿ, ಚಾಪೆಯಗಲದ ಪಾತಿಗಳನ್ನು ಮಾಡಿಕೊಂಡರು. ಪ್ರವಾಹ ಬಂದರೆ ಅದೂ ಕೊಚ್ಚಿಹೋಗುತ್ತಿತ್ತು. ಅಯೋಡಿನ್ ಕೊರತೆಯಿಂದ ಗಳಗಂಡವೂ ಬುದ್ಧಿಮಾಂದ್ಯವೂ ಹರಡಿದ್ದುವು. 1922ರ ಜೂನಿನಲ್ಲಿ ಹದಿಮೂರನೆಯ ಅಲ್ಫೋನ್ಸೊ ದೊರೆ ವೈದ್ಯ ಗ್ರೆಗೋರಿಯೊ ಮರಾಞೋನರೊಡನೆ ಕುದುರೆಯ ಮೇಲೆ ಇಲ್ಲಿ ಸಂಚರಿಸಿದ ತರುವಾಯ ರಸ್ತೆ, ಶಾಲೆ, ಔಷಧಾಲಯಗಳು ಬರತೊಡಗಿದುವು. 1933ರಲ್ಲಿ ಲೂಯಿಸ್ ಬುನ್ಯುವೆಲ್ ತೆಗೆದ ಚಿತ್ರ ಈ ಸೀಮೆಯ ದೈನ್ಯವನ್ನು ಲೋಕಕ್ಕೆಲ್ಲ ಸಾರಿತು. ಅದರಲ್ಲಿ ಕೆಲವು ದೃಶ್ಯಗಳನ್ನು ಚಿತ್ರಕ್ಕೆಂದೇ ಏರ್ಪಡಿಸಿದ್ದುದರಿಂದ, ತಮ್ಮ ಕಷ್ಟ ನಿಜವಾದರೂ ತಮ್ಮ ಮಾನ ಹರಾಜಾಯಿತೆಂಬ ಉರ್ದೆಸಿನವರ ನೋವು ಇಂದಿಗೂ ಪೂರ್ತಿ ಆರಿಲ್ಲ, ಆ ನೋವು ನ್ಯಾಯವಾದದ್ದೂ ಹೌದು. ಈಗ ಅಲ್ಲಿಗೆ ಹೋಗುವವರು ಪದರಗಲ್ಲನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿ ಕಟ್ಟಿದ ಮನೆಗಳನ್ನೂ, ಜೇನು ಸಾಕುವವರ ಗೂಡುಗಳ ಸಾಲುಗಳನ್ನೂ, ರಿಯೊಮಾಲೊ ದೆ ಅಬಾಹೊ ಬಳಿಯಲ್ಲಿ ಅಲಗೋನ್ ನದಿ ಬೆಟ್ಟವೊಂದನ್ನು ಬಹುಪಾಲು ಸುತ್ತಿ ಹಿಂತಿರುಗುವ ಮಹಾವಕ್ರವನ್ನೂ ನೋಡಬಹುದು.

ನೀರನ್ನು ಕಟ್ಟಿ ಹೊಸ ಗ್ರಾಮಗಳನ್ನು ಸೃಷ್ಟಿಸುವ ಪ್ರಯತ್ನವೂ ಇಲ್ಲಿ ನಡೆಯಿತು. 1952ರ ಶಾಸನದಿಂದ ಆರಂಭವಾದ ಬದಾಹೋಸ್ ಯೋಜನೆ ಗ್ವಾದಿಯಾನಕ್ಕೆ ಅಣೆಕಟ್ಟುಗಳ ಸರಣಿಯನ್ನು ಹಾಕಿ, ಕಾಲುವೆ ತೋಡಿ, ಬಯಲಿನಲ್ಲಿ ಹತ್ತಾರು ಹೊಸ ಊರುಗಳನ್ನು ನೆಲೆಗೊಳಿಸಿತು. ಪ್ರತಿ ಕುಟುಂಬಕ್ಕೂ ಮನೆ, ಪಶು, ಕೆಲವು ಹೆಕ್ಟೇರು ನೀರಾವರಿ ಭೂಮಿಯನ್ನು ಕಂತಿನ ಮೇಲೆ ಕೊಟ್ಟಿತು. ವಾಸ್ತುಶಿಲ್ಪಿಗಳಾದ ಅಲೆಹಾಂದ್ರೊ ದೆ ಲಾ ಸೊತ ಎಂತ್ರೆರ್ರಿಯೊಸ್ ಗ್ರಾಮವನ್ನೂ, ಹೊಸೆ ಲೂಯಿಸ್ ಫೆರ್ನಾಂದೆಸ್ ದೆಲ್ ಆಮೊ ಉತ್ತರದ ವೇಗವಿಯಾನವನ್ನೂ ರೂಪಿಸಿದರು. ವೇಗವಿಯಾನದಲ್ಲಿ ಮೊದಲಿದ್ದ ಓಕ್ ಮರಗಳನ್ನು ಕಡಿಯದೆ ಬಿಳಿಯ ಮನೆಗಳನ್ನು ಅವುಗಳ ನಡುವೆ ಹೊಂದಿಸಿರುವುದು ವಾಸ್ತುಶಿಲ್ಪಿಯ ವಿವೇಕಕ್ಕೆ ಸಾಕ್ಷಿ. ಟೊಮೇಟೊ, ಭತ್ತ, ಮೆಕ್ಕೆಜೋಳ ಈ ಬಯಲಿನ ಇಂದಿನ ಬೆಳೆಗಳು. ಆದರೆ ನೀರು ಕಂಡ ಭೂಮಿಯ ದೊಡ್ಡ ಪಾಲನ್ನು ಹಳೆಯ ಒಡೆಯರಿಗೇ ಉಳಿಸಿದುದರಿಂದ ಯೋಜನೆ ಭೂಹೀನತೆಯ ಬೇರನ್ನು ಮುಟ್ಟಲಿಲ್ಲ. 1960ರಲ್ಲಿ ಹದಿಮೂರು ಲಕ್ಷವನ್ನು ಮೀರಿದ್ದ ಪ್ರಾಂತದ ಜನಸಂಖ್ಯೆ ಎರಡು ದಶಕಗಳಲ್ಲಿ ಹತ್ತೂವರೆ ಲಕ್ಷದ ಸುತ್ತಮುತ್ತಲಿಗೆ ಕುಸಿಯಿತು, ಮಾದ್ರಿದ್, ಬಾರ್ಸೆಲೋನ, ಬಿಲ್ಬಾವೊಗಳ ಹೊರವಲಯಗಳೂ ಜರ್ಮನಿಯ ಕಾರ್ಖಾನೆಗಳೂ ತುಂಬಿದುವು. ಅಣೆಕಟ್ಟಿನ ಇನ್ನೊಂದು ಮುಖ ಗ್ರನದೀಯ. ಗಾಬ್ರಿಯೆಲ್ ಈ ಗಲಾನ್ ಜಲಾಶಯಕ್ಕಾಗಿ ಈ ಕೋಟೆಯೂರಿನ ಜನರನ್ನು ಎಬ್ಬಿಸಲಾಯಿತು. ಕೊನೆಯವರು ಹೊರಟುದು 1964ರಲ್ಲಿ. ಹೊಲಗಳು ಮುಳುಗಿದುವು, ಊರು ಮಾತ್ರ ಮುಳುಗಲಿಲ್ಲ. 1984ರಿಂದ ವಿದ್ಯಾರ್ಥಿಗಳ ತಂಡಗಳು ಅದರ ಮನೆಗಳನ್ನು ಜೀರ್ಣೋದ್ಧಾರ ಮಾಡುತ್ತಿವೆ.

ತಾಹೊ ನದಿಯ ಕಮರಿಗಳ ಮೊನ್‌ಫ್ರಾಗ್ವೆಯಲ್ಲಿ 1970ರ ದಶಕದಲ್ಲಿ ಸರ್ಕಾರವೇ ಇಳಿಜಾರುಗಳನ್ನು ಕೆರೆದು ನೀಲಗಿರಿ ಮರಗಳನ್ನು ನೆಡಿಸುತ್ತಿದ್ದಾಗ, ಪಕ್ಷಿಪ್ರೇಮಿ ಹೆಸುಸ್ ಗರ್ಸೋನ್ ನಡೆಸಿದ ಹೋರಾಟದ ಫಲವಾಗಿ 1979ರಲ್ಲಿ ಅದು ರಕ್ಷಿತವಾಯಿತು, 2007ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕರಿ ರಣಹದ್ದುಗಳ ನೂರಾರು ಜೋಡಿಗಳು ಅಲ್ಲಿ ಗೂಡು ಕಟ್ಟುತ್ತವೆ; ಉತ್ತರ ಯೂರೋಪಿನಿಂದ ಚಳಿಗಾಲಕ್ಕೆ ಬರುವ ಹತ್ತಾರು ಸಾವಿರ ಕ್ರೌಂಚಗಳಾದರೋ ದೆಹೆಸದ ಓಕ್ ಕಾಯಿಯನ್ನೂ ಗ್ವಾದಿಯಾನ ಬಯಲಿನ ಕೊಯ್ದ ಗದ್ದೆಗಳ ಕಾಳನ್ನೂ ಆಯುತ್ತವೆ. ವಿಯುವೆರ್ಕಸ್ ಬೆಟ್ಟಗಳ ಮಡಿಲಲ್ಲಿ, 1993ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಗ್ವಾದಲುಪೆಯ ಮಠವಿದೆ. ಫ್ವೆಂತೆ ದೆ ಕಾಂತೊಸ್ ಎಂಬ ಹಳ್ಳಿಯಲ್ಲಿ 1598ರಲ್ಲಿ ಹುಟ್ಟಿದ ಚಿತ್ರಕಾರ ಸುರ್ಬರಾನ್ ಆ ಮಠಕ್ಕೆಂದೇ ಬರೆದ ಸನ್ಯಾಸಿಗಳ ಚಿತ್ರಗಳು ಇಂದಿಗೂ ಅದರ ಗೋಡೆಗಳ ಮೇಲೆಯೇ ಇವೆ.

ಹಬ್ಬಗಳಲ್ಲಿ ಎರಡನ್ನು ಹೆಸರಿಸಬಹುದು. ವಲ್ವೆರ್ದೆ ದೆ ಲಾ ವೆರದಲ್ಲಿ ಶುಭಶುಕ್ರವಾರದ ಹಿಂದಿನ ರಾತ್ರಿ, ಹರಕೆ ಹೊತ್ತವರು ಮೈಗೆ ಹಗ್ಗವನ್ನು ಬಿಗಿದು ಸುತ್ತಿಸಿಕೊಂಡು, ಚಾಚಿದ ತೋಳುಗಳನ್ನು ನೇಗಿಲಿನ ಈಸಿಗೆ ಕಟ್ಟಿಸಿಕೊಂಡು, ಬರಿಗಾಲಿನಲ್ಲಿ ಶಿಲುಬೆಯ ದಾರಿಯನ್ನು ನಡೆಯುತ್ತಾರೆ. ಬೇಸಾಯದ ಉಪಕರಣವೇ ಶಿಲುಬೆಯಾಗುವ ಈ ವ್ರತವನ್ನು ಊರವರು ಗಂಭೀರ ಮೌನದಿಂದ ನೋಡುತ್ತಾರೆ, ಬಂದವರೂ ಹಾಗೆಯೇ ನೋಡತಕ್ಕದ್ದು. ಪಿಯೊರ್ನಾಲ್‌ನಲ್ಲಿ ಜನವರಿ 20ರ ಸಂತ ಸೆಬಾಸ್ತಿಯನ್ನನ ಹಬ್ಬದಂದು ಬಣ್ಣದ ಚಿಂದಿಯ ಅಂಗಿ ತೊಟ್ಟು ಡೋಲು ಬಾರಿಸುತ್ತ ಬರುವ ವೇಷಧಾರಿಯ ಮೇಲೆ ಟರ್ನಿಪ್ ಗೆಡ್ಡೆಗಳ ಮಳೆಯನ್ನೇ ಸುರಿಸುತ್ತಾರೆ. ಭಾಷೆಯ ವೈವಿಧ್ಯವೂ ಗಮನಾರ್ಹ: ಗಾತ ಪರ್ವತದ ವಲ್ವೆರ್ದೆ ದೆಲ್ ಫ್ರೆಸ್ನೊ, ಎಲ್ಹಾಸ್, ಸಾನ್ ಮಾರ್ತಿನ್ ದೆ ತ್ರೆವೇಹೊ ಎಂಬ ಮೂರು ಊರುಗಳಲ್ಲಿ ಫಾಲ ಎಂಬ ನುಡಿ ಮನೆಮಾತಾಗಿದೆ, 1801ರವರೆಗೆ ಪೋರ್ಚುಗಲ್ಲಿಗೆ ಸೇರಿದ್ದ ಒಲಿವೆನ್ಸದಲ್ಲಿ ವೃದ್ಧರ ಬಾಯಲ್ಲಿ ಪೋರ್ಚುಗೀಸ್ ಇನ್ನೂ ಉಳಿದಿದೆ, ದಕ್ಷಿಣದ ಗ್ರಾಮ್ಯಭಾಷೆಯಲ್ಲಿ ಲೂಯಿಸ್ ಚಮೀಸೊ 1921ರಲ್ಲಿ ಕವಿತಾಸಂಗ್ರಹವನ್ನು ಪ್ರಕಟಿಸಿದನು.

ಇತ್ತೀಚಿನ ವರ್ಷಗಳಲ್ಲಿ ದೆಹೆಸಕ್ಕೆ ಬಂದಿರುವ ವಿಪತ್ತು, ಬೇರುಗಳನ್ನು ಕೊಳೆಸುವ ಒಂದು ಸೂಕ್ಷ್ಮಜೀವಿಯೂ ಬರಗಾಲಗಳೂ ಕೂಡಿ ತರುವ ಒಣಗುರೋಗ. ನೂರಾರು ವರ್ಷದ ಮರಗಳು ಕೆಲವೇ ತಿಂಗಳುಗಳಲ್ಲಿ ಎಲೆಯುದುರಿಸಿ ಸಾಯುತ್ತವೆ, ಅವುಗಳ ಕೆಳಗಿನ ಎಳೆಯ ಸಸಿಗಳನ್ನು ಪಶುಗಳು ಮೇದುಬಿಡುವುದರಿಂದ ಸತ್ತ ಮರದ ಸ್ಥಾನಕ್ಕೆ ಹೊಸದು ಬರುವುದಿಲ್ಲ. ಬೇಲಿ ಹಾಕಿ ಸಸಿ ಕಾಯುವ ಕೆಲಸಕ್ಕೆ ಆಳು ಬೇಕು. ಆಳುಮಕ್ಕಳು ಊರು ಬಿಟ್ಟು ಅರ್ಧಶತಮಾನ ಸಂದಿತು. ಇದೇ ಹೊತ್ತಿನಲ್ಲಿ ಬದಾಹೋಸಿನ ಉಸಾಗ್ರೆ ಬಳಿಯಲ್ಲಿ 2020ರಿಂದ ವಿದ್ಯುತ್ತು ನೀಡುತ್ತಿರುವ 500 ಮೆಗಾವಾಟ್ ಸಾಮರ್ಥ್ಯದ ಸೌರಸ್ಥಾವರದಂತಹವು ದೊಡ್ಡ ಹಿಡುವಳಿಗಳ ಮೇಲೆ ಏಳುತ್ತಿವೆ. ದೊಡ್ಡ ಒಡೆಯನಿಗೆ ಕುರಿಗಿಂತ ಹೆಚ್ಚಿನ ಬಾಡಿಗೆಯನ್ನು ಸೂರ್ಯನಿಂದ ದೊರಕಿಸಿಕೊಳ್ಳುವ ದಾರಿ ತೆರೆದಿದೆ. ಗೇಣಿಗೆ ಹುಲ್ಲು ಹಿಡಿಯುತ್ತಿದ್ದ ಕುರಿಗಾಹಿಗೆ ಮೇವಿನ ನೆಲ ಕಿರಿದಾಗುತ್ತಿದೆ.